ಎಡಗೆನ್ನೆಯ ಕೆಂಪು ಇಳಿಯುವವರೆಗೆ

ಅವತ್ತು ನಾವು ಮಂಗಳೂರಿನಿಂದ ಬರುತ್ತ ಬಿ.ಸಿ. ರೋಡು ಪೇಟೆಯಲ್ಲಿ ಬಸ್ಸಿನಿಂದ ಇಳಿದದ್ದು ಕ್ರೀಮು ಕೊಳ್ಳುವುದಕ್ಕೋ, ಅಥವಾ ಬೆಳ್ತಂಗಡಿಯ ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಸುಮ್ಮನೆ ಎದುರಿನ ಮೆಡಿಕಲ್ ಶಾಪಿಗೆ ಹೊಕ್ಕದ್ದೋ, ಈಗ ನನಗೆ ಖಚಿತವಿಲ್ಲ. ನನ್ನ ನೆನಪಿನಲ್ಲಿ ನನ್ನ ಹೆಂಡತಿ ಬಿಸಿಲು ತಾಗದಂತೆ ತಲೆಯಿಂದ ಗಲ್ಲದವರೆಗೆ ನೀಲಿ ಶಾಲು ಸುತ್ತಿಕೊಂಡು ನಿಂತಿದ್ದಾಳೆ. ಆದರೆ ಆ ನೀಲಿ ಶಾಲನ್ನು ಅವಳು ಕೊಂಡದ್ದು ಊರು ಬಿಡುವ ವಾರದಲ್ಲಿ. ಅಂದರೆ ಬಿ.ಸಿ. ರೋಡಿನ ಆ ಮಧ್ಯಾಹ್ನಕ್ಕೆ ನಾನು ಆಮೇಲಿನ ಶಾಲನ್ನು ತಂದು ಹೊದಿಸಿದ್ದೇನೆ. ಒಂದು ಶಾಲನ್ನು ಹೀಗೆ ಹಿಂದಕ್ಕೆ ಹೊತ್ತುಕೊಂಡು ಹೋದ ಮನಸ್ಸು ಇನ್ನು ಏನೇನನ್ನು ಹೊತ್ತಿರಬಹುದು ಎಂಬುದೇ ನನ್ನ ತೊಂದರೆ.

ನಾನು ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು. ಒಂದೇ ಸಲ ತೆಗೆದ ಅಳತೆಯನ್ನು ನಂಬಬೇಡಿ ಎಂದು ಪ್ರತಿವರ್ಷ ಹೊಸ ಮಕ್ಕಳಿಗೆ ಹೇಳುತ್ತೇನೆ. ನೆನಪೆಂದರೆ ಒಂದೇ ಸಲ ತೆಗೆದ ಅಳತೆ; ಅದೂ ಪ್ರತಿಸಲ ನೋಡುವಾಗ ಮುಳ್ಳು ಸ್ವಲ್ಪ ಸರಿದಿರುವ ತಕ್ಕಡಿಯಲ್ಲಿ. ಆದ್ದರಿಂದ ನಡೆದದ್ದು ಯಾವುದು, ನಡೆದಿದ್ದರೆ ಚೆನ್ನಾಗಿತ್ತೆಂದು ನಾನು ಬಯಸಿದ್ದು ಯಾವುದು ಎಂಬುದನ್ನು ಇಲ್ಲಿ ಆದಷ್ಟು ಬೇರೆಬೇರೆಯಾಗಿ ಇಡಲು ನೋಡುತ್ತೇನೆ.

ಅನುಮಾನವಿಲ್ಲದ ಸಂಗತಿಗಳಿಂದ ಶುರು ಮಾಡುವುದು ಒಳ್ಳೆಯದು. ನನ್ನ ಹೆಂಡತಿಯ ಎಡಗೆನ್ನೆಯಲ್ಲಿ ಕಿವಿಯ ಕೆಳಗಿನಿಂದ ದವಡೆಯವರೆಗೆ ಒಂದು ಸುಟ್ಟ ಕಲೆ ಇತ್ತು. ಅವಳ ತವರು ಬೆಳ್ತಂಗಡಿಯಿಂದ ಮೇಲೆ ಗುಡ್ಡದ ಕಡೆಯ ಒಂದು ಊರು. ಅಲ್ಲಿ ಅವಳ ಅಪ್ಪನಿಗೆ ಸ್ವಲ್ಪ ರಬ್ಬರ್ ತೋಟವಿತ್ತು. ರಬ್ಬರ್ ಹಾಲು ಹೆಪ್ಪುಗಟ್ಟಲು ಟ್ರೇಗೆ ಆಸಿಡ್ ಹಾಕುತ್ತಾರೆ. ಸಣ್ಣ ಹುಡುಗಿಯಾಗಿದ್ದಾಗ ಅದನ್ನು ನೋಡುತ್ತ ಹತ್ತಿರ ಕೂತಿದ್ದವಳ ಮುಖಕ್ಕೆ ನೀರು ಬೆರೆಸದ ಆಸಿಡ್ ಸಿಡಿಯಿತು. ಕಲೆಯ ನಡುಭಾಗ ನುಣ್ಣಗೆ ಹೊಳೆಯುತ್ತಿತ್ತು, ಅಂಚು ದಪ್ಪಗೆ ಎದ್ದಿತ್ತು. ಮದುವೆಯಾದ ಹೊಸತರಲ್ಲಿ ನಾನದನ್ನು ನೋಡುತ್ತಿದ್ದೆ. ಆಮೇಲೆ ಯಾವಾಗ ನೋಡುವುದನ್ನು ಬಿಟ್ಟೆನೋ ಗೊತ್ತಿಲ್ಲ.

ಅವಳು ನರ್ಸು. ಮೂಡುಬಿದಿರೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಬಹಳ ವರ್ಷ ಕೆಲಸ ಮಾಡಿದಳು. ಗಲ್ಫಿಗೆ ಹೋಗಬೇಕೆಂಬುದು ಅವಳದೇ ಆಸೆ, ಮದುವೆಗೆ ಮುಂಚಿನದು. ಪರೀಕ್ಷೆ ಬರೆದು ಪಾಸಾಗಿ, ಅಲ್ಲಿಯ ಒಂದು ಆಸ್ಪತ್ರೆಯಿಂದ ಕರೆ ಬಂದ ದಿನ ನಾನು ಹೋಳಿಗೆ ತಂದಿದ್ದೆ. ಹೋಗಬೇಡ ಎಂದು ನಾನು ಯಾವತ್ತೂ ಹೇಳಲಿಲ್ಲ. ಹೋಗಲು ಮನಸ್ಸಿಲ್ಲ ಎಂದು ಅವಳೂ ಯಾವತ್ತೂ ಹೇಳಲಿಲ್ಲ.

ಹೊರಡುವ ಮೊದಲು ಕೆನ್ನೆಗೆ ಲೇಸರ್ ಮಾಡಿಸುತ್ತೇನೆ ಎಂದಳು. ನಾವು ಮನೆಯಲ್ಲಿ ಆಡುವುದು ತುಳು. ಅದನ್ನಿಲ್ಲಿ ನಮ್ಮ ಕಡೆಯ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ. ತರುವಾಗ ದಾರಿಯಲ್ಲಿ ಸ್ವಲ್ಪ ಚೆಲ್ಲಿಹೋಗಿದ್ದರೆ ಆಶ್ಚರ್ಯವಿಲ್ಲ.

“ಈಗ ಎಂತಕ್ಕೆ?” ಎಂದು ಕೇಳಿದೆ.

“ಇಲ್ಲಿಯವರೆಲ್ಲ ಕೇಳಿ ಆಗಿದೆ ಮಾರಾಯ್ರೆ. ಅಲ್ಲಿ ಪುನಃ ಮೊದಲಿಂದ ಹೇಳ್ಬೇಕಲ್ಲ. ರಬ್ಬರ್ ಅಂದ್ರೆ ಎಂತ, ಆಸಿಡ್ ಎಂತಕ್ಕೆ, ಗಂಡ ಹಾಕಿದ್ದಲ್ಲ ಅಂತ. ವಾರ್ಡ್ ವಾರ್ಡಿಗೆ.”

“ನಂಗೆ ಅದು ಕಾಣುದೇ ಇಲ್ಲ.”

“ಹಾಗಾದ್ರೆ ಕನ್ನಡಕ ಬದಲಿಸಿ.”

ಮಂಗಳೂರಿನ ಚರ್ಮದ ಡಾಕ್ಟರು ಒಳ್ಳೆಯವರು, ಹೆಚ್ಚು ಆಸೆ ಹುಟ್ಟಿಸಲಿಲ್ಲ. ಕಲೆ ಪೂರ್ತಿ ಹೋಗುವುದಿಲ್ಲ, ಅಂಚು ಇಳಿದು ಮೈಬಣ್ಣಕ್ಕೆ ಹತ್ತಿರ ಬರುತ್ತದೆ ಎಂದರು. ಲೇಸರು ಚರ್ಮದ ಮೇಲ್ಪದರವನ್ನು ಸಣ್ಣ ಸಣ್ಣ ಚುಕ್ಕೆಗಳಲ್ಲಿ ಸುಡುತ್ತದೆ, ಕೆಳಗಿನಿಂದ ಹೊಸ ಚರ್ಮ ಬರುತ್ತದೆ. ಹಾಗೆ ಬಂದ ಚರ್ಮ ಮೊದಲು ಕೆಂಪಗಿರುತ್ತದೆ. ನಮ್ಮಂಥ ಕಂದು ಮೈಬಣ್ಣದವರು ಆ ಕೆಂಪು ಇಳಿಯುವ ಮೊದಲೇ ಬಿಸಿಲಿಗೆ ಹೋದರೆ ಅಲ್ಲಿ ಕಪ್ಪು ಕಲೆ ನಿಲ್ಲಬಹುದು. ಈಗಿರುವುದಕ್ಕಿಂತ ಅದು ಕೆಟ್ಟದಾಗಿ ಕಾಣುತ್ತದೆ. “ಆ ದೇಶದ ಬಿಸಿಲು ಗೊತ್ತುಂಟಲ್ಲ? ಕೆಂಪು ಪೂರ್ತಿ ಇಳಿಯದೆ ಹೊರಡುವುದು ಬೇಡ,” ಎಂದು ಹೇಳಿ ಕಳಿಸಿದರು.

ನನ್ನ ಕಥೆಯೆಲ್ಲ ಇರುವುದು ಆ ಒಂದು ಮಾತಿನಲ್ಲಿ. ಕೆಂಪು ಇಳಿದರೆ ಅವಳು ಹೊರಡುತ್ತಾಳೆ. ಚೆನ್ನಾಗಿ ಆರೈಕೆ ಮಾಡಿದಷ್ಟೂ ಬೇಗ ಹೊರಡುತ್ತಾಳೆ.

ಮೊದಲ ದಿನಗಳಲ್ಲಿ ಬರೀ ವ್ಯಾಸ್‌ಲೀನ್. ಕುದಿಸಿ ಆರಿಸಿದ ನೀರಿನಲ್ಲಿ ಕೆನ್ನೆ ತೊಳೆದು, ಒತ್ತಿ ಒರಸಿ, ಮತ್ತೆ ದಪ್ಪಗೆ ಮೆತ್ತುವುದು. ಕಾಫಿಪುಡಿ ಉದುರಿಸಿದ ಹಾಗೆ ಕೆನ್ನೆ ತುಂಬ ಸಣ್ಣ ಸಣ್ಣ ಹಕ್ಕಳೆ ಎದ್ದಿತ್ತು. ಮುಟ್ಟಲು ನನ್ನನ್ನು ಬಿಡಲಿಲ್ಲ. “ಲ್ಯಾಬಿನಲ್ಲಿ ಎಂತದೆಲ್ಲ ಮುಟ್ಟಿರ್ತೀರಿ,” ಎನ್ನುತ್ತಿದ್ದಳು. ನನ್ನ ಕೆಲಸ ನೋಡುವುದು ಮಾತ್ರ. ಬೆಳಿಗ್ಗೆ ಕಾಫಿಯಾದ ಮೇಲೆ ಪೂರ್ವದ ಕಿಟಕಿಯ ಹತ್ತಿರ ಸ್ಟೂಲು ಹಾಕಿಕೊಂಡು ಕೂತು ಎಡಗೆನ್ನೆ ನನ್ನ ಕಡೆ ತಿರುಗಿಸುತ್ತಿದ್ದಳು. ನಾನು ಬಗ್ಗಿ ಹತ್ತಿರದಿಂದ ನೋಡಿ, ಮೊಬೈಲಿನಲ್ಲಿ ಒಂದು ಫೋಟೋ ತೆಗೆದು, ಹೇಗಿದೆಯೆಂದು ಹೇಳಬೇಕು. ತನ್ನ ಕೆನ್ನೆಯನ್ನು ತಾನೇ ಕನ್ನಡಿಯಲ್ಲಿ ನೋಡಿದರೆ ನರ್ಸಿಗೂ ಬುದ್ಧಿ ಕೆಡುತ್ತದೆ ಎಂಬುದು ಅವಳ ವಾದ.

ಹಕ್ಕಳೆ ಉದುರಿದ ಮೇಲೆ ಡಾಕ್ಟರು ಮತ್ತೆ ನೋಡಿ, ಇನ್ನು ವ್ಯಾಸ್‌ಲೀನ್ ಸಾಕು, ಮಾಯಿಶ್ಚರೈಸರ್ ಶುರು ಮಾಡಿ ಎಂದರು. ಕಂಪನಿಯ ಹೆಸರು ಬರೆದುಕೊಡಲಿಲ್ಲ. ಪರಿಮಳ ಹಾಕಿರಬಾರದು, ಬಣ್ಣ ಇರಬಾರದು, ಆಸಿಡ್ ಆಗಲಿ ವಿಟಮಿನ್ ಸಿ ಆಗಲಿ ಇರಬಾರದು, ಹೂವು ಬೇರು ಎಲೆಗಳ ಎಣ್ಣೆ ಬೇಡ, ಒಳಗೆ ಸಾಮಾನು ಕಡಿಮೆ ಇದ್ದಷ್ಟು ಒಳ್ಳೆಯದು. ತಲೆಗೂ ಎಣ್ಣೆ ಹಾಕಬೇಡಿ, ಇಳಿದು ಕೆನ್ನೆಗೆ ಬರುತ್ತದೆ ಎಂದೂ ಹೇಳಿದರು. ತೆಂಗಿನೆಣ್ಣೆ ಇಲ್ಲದ ತಲೆ ನಮ್ಮ ಕಡೆ ಸೂತಕದ ಮನೆಯ ಹಾಗೆ. ಅವಳು ಮುಖ ಸಣ್ಣ ಮಾಡಿಕೊಂಡಳು.

ಅಷ್ಟರಲ್ಲಿ ಎಲ್ಲರ ಸಲಹೆಯೂ ಬಂದಾಗಿತ್ತು. ಪಕ್ಕದ ಮನೆಯವರು ಅವರ ಅಣ್ಣ ಕುವೈತಿನಿಂದ ತಂದ ಗುಲಾಬಿ ಪರಿಮಳದ ದೊಡ್ಡ ಲೋಷನ್ ಬಾಟಲಿ ಕೊಟ್ಟುಹೋಗಿದ್ದರು. ಕಾಲೇಜಿನ ಸಹೋದ್ಯೋಗಿಯೊಬ್ಬರು ಲೋಳೆಸರದ ಜೆಲ್ ಬಿಟ್ಟರೆ ಬೇರೆ ಮದ್ದೇ ಇಲ್ಲ ಎಂದಿದ್ದರು. ಆ ಜೆಲ್ಲಿನ ಹಸಿರು ಯಾವ ಗಿಡದಲ್ಲೂ ನಾನು ಕಾಣದ ಹಸಿರು. ಎರಡನ್ನೂ ಕಪಾಟಿನ ಮೇಲಿಟ್ಟೆವು.

ಹೀಗೆ ಬಿ.ಸಿ. ರೋಡಿನ ಮೆಡಿಕಲ್ ಶಾಪು. ಡಾಕ್ಟರಲ್ಲಿಂದ ನೇರ ಅವಳ ತವರಿಗೆ ಹೋಗುವವರಿದ್ದೆವು. ಕೌಂಟರಿನಲ್ಲಿ ನಡುವಯಸ್ಸಿನ ಹೆಂಗಸೊಬ್ಬರಿದ್ದರು.

“ಅಕ್ಕ, ಲೇಸರ್ ಮಾಡಿಸಿದ್ದು. ಪರಿಮಳ ಹಾಕದ ಮಾಯಿಶ್ಚರೈಸರ್ ಬೇಕಿತ್ತು,” ಎಂದಳು ನನ್ನ ಹೆಂಡತಿ.

ಅವರು ನಾಲ್ಕೈದು ಟ್ಯೂಬು, ಡಬ್ಬಿ ತಂದು ಸಾಲಾಗಿ ಇಟ್ಟರು. ನಾನು ಕನ್ನಡಕ ಹಣೆಗೆ ಏರಿಸಿ ಒಂದೊಂದರ ಹಿಂದಿನ ಸಣ್ಣ ಅಕ್ಷರ ಓದತೊಡಗಿದೆ.

“ಇದ್ರಲ್ಲಿ ಲ್ಯಾವೆಂಡರ್ ಎಣ್ಣೆ ಉಂಟು.”

“ಅದು ಹೂವಿನದ್ದಲ್ವಾ ಸರ್? ಕೆಮಿಕಲ್ ಅಲ್ಲ.”

“ಹೂವಿನ ಒಳಗೆ ಇರುದೂ ಕೆಮಿಕಲ್ಲೇ.”

“ಶುರುವಾಯ್ತು,” ಎಂದಳು ನನ್ನ ಹೆಂಡತಿ. “ಅಕ್ಕ, ನೀವು ಕೂತ್ಕೊಳ್ಳಿ. ಇವರದ್ದು ಒಂದು ಗಂಟೆಯ ಕ್ಲಾಸು.”

“ಹಾಜರಿ ಕರೀತಾರಾ?”

“ಕರೀತಾರೆ. ಮಧ್ಯದಲ್ಲಿ ಎದ್ದು ಹೋಗ್ಲಿಕ್ಕೆ ಬಿಡುದಿಲ್ಲ.”

ಇನ್ನೊಂದರಲ್ಲಿ ಹಣ್ಣಿನ ಆಸಿಡ್ ಇತ್ತು. ಅದನ್ನು ದೂರ ತಳ್ಳಿದೆ. ಮತ್ತೊಂದರ ಮೇಲೆ ಮಗುವಿನ ಚಿತ್ರ, ಒಳಗೆ ಪರಿಮಳ. ಕೊನೆಗೆ ಉಳಿದದ್ದು ಬಿಳಿ ಟ್ಯೂಬು, ಚಿತ್ರ ಇಲ್ಲ, ಹೂವಿಲ್ಲ. ಗ್ಲಿಸರಿನ್, ಸ್ವಲ್ಪ ಪೆಟ್ರೋಲಿಯಂ ಜೆಲ್ಲಿ, ಚರ್ಮದಲ್ಲೇ ಇರುವಂಥ ಕೆಲವು ಕೊಬ್ಬುಗಳು, ತೆಂಗಿನಿಂದ ತೆಗೆದು ಶುದ್ಧ ಮಾಡಿದ ಒಂದು ಮೆದುವಾದ ಪದಾರ್ಥ. ಪರಿಮಳ ಸೇರಿಸಿಲ್ಲ ಎಂದು ಬರೆದಿತ್ತು. ಸೇರಿಸಿಲ್ಲ ಎಂದರೆ ವಾಸನೆ ಇಲ್ಲ ಎಂದು ಅರ್ಥವಲ್ಲ. ಒಳಗಿನ ಪದಾರ್ಥಗಳಿಗೆ ತಮ್ಮದೇ ವಾಸನೆ ಇರಬಹುದು. ಮುಚ್ಚಳ ತೆಗೆದು ಮೂಸಿ ನೋಡುತ್ತೇನೆ ಎಂದೆ.

“ಸೀಲ್ ಒಡೆದ್ರೆ ತಗೊಳ್ಳೇಬೇಕು ಸರ್.”

“ಕೊಡಿ ಅಕ್ಕ, ಎರಡು ಕೊಡಿ,” ಎಂದು ನನ್ನ ಹೆಂಡತಿ ಒಂದೇ ಪೆಟ್ಟಿಗೆಯಿಂದ ಎರಡು ಟ್ಯೂಬು ತೆಗೆಸಿದಳು. “ಮೂಸುದೆಲ್ಲ ಬೇಡ. ಮೂಗಿಗೆ ಹಚ್ಚುದಲ್ಲ ಅದು.”

ಹೀಗೆ ಆ ಕ್ರೀಮನ್ನು ಆರಿಸಿದವನು ನಾನು. ಕಡೆಯವರೆಗೂ ಮೂಸಲಿಲ್ಲ. ಒಂದು ಟ್ಯೂಬು ಅವಳ ಚೀಲದಲ್ಲಿ, ಅವಳ ಬೆರಳಿನಿಂದ ಅವಳ ಕೆನ್ನೆಗೆ. ಇನ್ನೊಂದು ಕಪಾಟಿಗೆ.

ತವರಿನಲ್ಲಿ ಅತ್ತೆ ಬಾಗಿಲಲ್ಲೇ ಮಗಳ ಮುಖವನ್ನು ಎರಡೂ ಕಡೆ ತಿರುಗಿಸಿ ನೋಡಿದರು. ಕಲೆಯ ಜಾಗ ಆಗತಾನೆ ಬಿಚ್ಚಿದ ಚಿಗುರಿನ ಹಾಗೆ ಕೆಂಪಗಿತ್ತು.

“ಡಾಕ್ಟ್ರು ಎಂತ ಹೇಳಿದ್ರು?”

“ಹೊಸ ಚರ್ಮ ಬಂದಿದೆ ಅಂದ್ರು ಅಮ್ಮ. ಸಣ್ಣ ಮಕ್ಕಳದ್ದರ ಹಾಗೆ ನೋಡ್ಕೊಳ್ಬೇಕಂತೆ.”

ಈ ಮಾತು ಅವಳು ಹೇಳಿದ್ದೇ ಹೌದು ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ, ಯಾಕೆಂದರೆ ಮುಂದಿನದೆಲ್ಲ ಅದರಿಂದಲೇ ಆಯಿತು. ನಾವು ಮೂಡುಬಿದಿರೆಗೆ ಮರಳಿದ ಕೆಲವು ದಿನಗಳಿಗೆ ಅತ್ತೆಯ ಫೋನು ಬಂತು: ಬಸ್ಸಿನಲ್ಲಿ ಒಂದು ಚೀಲ ಕೊಟ್ಟಿದ್ದೇನೆ, ಕಂಡಕ್ಟರಿಗೆ ಹೇಳಿದ್ದೇನೆ, ಹೋಗಿ ತಗೊಳ್ಳಿ. ಹೀಗೆ ಬಸ್ಸಿನಲ್ಲಿ ಕಳಿಸುವುದು ನಮ್ಮಲ್ಲಿ ಮಾಮೂಲು. ಹಲಸಿನಹಣ್ಣು, ಔಷಧಿ, ಮರೆತುಹೋದ ಚಾರ್ಜರು, ಎಲ್ಲ ಹಾಗೆಯೇ ಬರುತ್ತವೆ. ಬಸ್‌ಸ್ಟ್ಯಾಂಡಿಗೆ ಹೋಗಿ ಚೀಲ ತಂದೆ. ಬಾಳೆಹಣ್ಣಿನ ಅಡಿಯಲ್ಲಿ, ಬಾಯಿಗೆ ಪ್ಲಾಸ್ಟಿಕ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ ಒಂದು ಬಾಟಲಿ ಇತ್ತು. ಮನೆಯ ತೆಂಗಿನೆಣ್ಣೆಗೆ ಗುಡ್ಡದ ಕೇಪಳ ಗಿಡದ ಕೆಂಪು ಹೂವು ಹಾಕಿ ಸಣ್ಣ ಉರಿಯಲ್ಲಿ ಕಾಯಿಸಿದ ಎಣ್ಣೆ. ನಮ್ಮಲ್ಲಿ ಅದನ್ನು ಹಚ್ಚುವುದು ಹುಟ್ಟಿದ ಮಕ್ಕಳ ಮೈಗೆ. ನಮಗೆ ಮಕ್ಕಳಾಗಿರಲಿಲ್ಲ; ಅಂಥ ಎಣ್ಣೆ ನಮ್ಮ ಮನೆಗೆ ಬಂದದ್ದು ಅದೇ ಮೊದಲು.

ಅತ್ತೆಗೆ ನಾನು ಫೋನಿನಲ್ಲಿ ಹೇಳಿ ನೋಡಿದೆ.

“ಡಾಕ್ಟ್ರು ಎಣ್ಣೆ ಬೇಡ ಅಂದಿದ್ದಾರೆ ಅತ್ತೆ.”

“ಡಾಕ್ಟ್ರೇ ಹೇಳಿದ್ದಲ್ವಾ ಹೊಸ ಚರ್ಮ ಅಂತ? ಹೊಸ ಚರ್ಮಕ್ಕೆ ಇದನ್ನಲ್ಲದೆ ಬೇರೆ ಎಂತ ಹಚ್ತಾರೆ? ನಿಮ್ಮ ಹೆಂಡತಿಗೂ ನಾನು ಇದನ್ನೇ ಹಚ್ಚಿ ಬೆಳೆಸಿದ್ದು.”

ಆ ವಾದದಲ್ಲಿ ತಪ್ಪು ಎಲ್ಲಿದೆಯೆಂದು ನನಗೆ ಗೊತ್ತಿತ್ತು, ಆದರೆ ಅದನ್ನು ಅತ್ತೆಗೆ ಹೇಳುವ ದಾರಿ ಗೊತ್ತಿರಲಿಲ್ಲ. ಬಾಟಲಿಯನ್ನು ಬಾಯಿ ಬಿಚ್ಚದೆ ಬಚ್ಚಲ ಗೂಡಿನಲ್ಲಿ ಇಟ್ಟೆವು.

ಒಂದು ಬೆಳಿಗ್ಗೆ ಕಿಟಕಿಯ ಬೆಳಕಿನಲ್ಲಿ ನೋಡಿದರೆ ಇಳಿಯುತ್ತಿದ್ದ ಕೆಂಪು ಪುನಃ ಏರಿದೆ. ಕೆನ್ನೆಯ ಮೇಲೆ ಸಣ್ಣ ಸಣ್ಣ ಬೊಕ್ಕೆ.

“ಎಂತ ಮಾಡಿದ್ದು?”

“ಸ್ವಲ್ಪ ಹಚ್ಚಿದೆ. ಅಮ್ಮ ಅಷ್ಟು ಕಾಯಿಸಿ ಕಳಿಸಿದ್ದಾರೆ. ಬೇಜಾರಾಗ್ತದೆ ಅವರಿಗೆ.”

“ಅವರಿಗೆ ಇಲ್ಲಿಂದ ಕಾಣ್ತದಾ?”

“ಕೇಳಿದ್ರೆ ಸುಳ್ಳು ಹೇಳ್ಬೇಕಲ್ಲ.”

ಡಾಕ್ಟರು ಗದರಿದರು. “ನೀವು ನರ್ಸಾಗಿ ಹೀಗೆ ಮಾಡಿದ್ರೆ ಬೇರೆಯವರಿಗೆ ನಾನು ಎಂತ ಹೇಳುದು?” ಎಂದರು. ಅಲ್ಲಿಯ ಆಸ್ಪತ್ರೆಗೆ ಬರೆದು ಸೇರುವ ದಿನವನ್ನು ಮುಂದಕ್ಕೆ ಹಾಕಿಸಿಕೊಂಡೆವು. ಎಣ್ಣೆಯನ್ನು ದೀಪಕ್ಕೆ ಹಾಕುತ್ತೇನೆ ಎಂದಳು. ಹಾಕಿದಳೋ ಇಲ್ಲವೋ ನಾನು ನೋಡಲಿಲ್ಲ. ಬಾಟಲಿ ಮಾತ್ರ ಮತ್ತೂ ಸ್ವಲ್ಪ ದಿನ ಅದೇ ಗೂಡಿನಲ್ಲಿತ್ತು ಎಂದು ನನ್ನ ನೆನಪು. ಅದರ ಎಣ್ಣೆ ಕೆಳಗಿಳಿಯುತ್ತಿತ್ತು ಎಂದೂ ನೆನಪು. ಆದರೆ ಈ ಎರಡನೆಯದು ನಾನು ಈಚೆಗೆ ಸೇರಿಸಿಕೊಂಡದ್ದಿರಬೇಕು. ನೀಲಿ ಶಾಲಿನ ಹಾಗೆ.

ಆಮೇಲಿನ ದಿನಗಳನ್ನು ಬರೆಯುವುದು ಕಷ್ಟ. ಏನೂ ನಡೆಯಲಿಲ್ಲ ಎಂಬುದೇ ಅವುಗಳ ವಿಶೇಷ. ಅವಳು ಇಲ್ಲಿಯ ಕೆಲಸ ಬಿಟ್ಟಾಗಿತ್ತು, ಅಲ್ಲಿಯದು ಶುರುವಾಗಿರಲಿಲ್ಲ. ಮದುವೆಯಾಗಿ ಅಷ್ಟು ವರ್ಷಗಳಲ್ಲಿ ಒಂದು ಸಲವೂ ನಾವು ಅಷ್ಟು ದಿನ ಬೆಳಗ್ಗಿನ ಹೊತ್ತು ಒಟ್ಟಿಗೆ ಮನೆಯಲ್ಲಿದ್ದವರಲ್ಲ. ಅವಳ ಪಾಳಿ, ನನ್ನ ಕಾಲೇಜು, ಒಬ್ಬರು ಬರುವಾಗ ಇನ್ನೊಬ್ಬರು ಚಪ್ಪಲಿ ಹಾಕುತ್ತಿರುತ್ತಿದ್ದೆವು. ಈಗ ನನ್ನ ಮೊದಲ ಕ್ಲಾಸಿನವರೆಗೆ ಹೊತ್ತಿರುತ್ತಿತ್ತು. ನೀರುದೋಸೆ, ಬೆಲ್ಲ ಬೆರೆಸಿದ ಕಾಯಿತುರಿ, ಎರಡನೆಯ ಕಾಫಿ. ಬೆಳುವಾಯಿಯ ಕಡೆ ಹೋಗುವ ಬಸ್ಸುಗಳ ಹಾರನ್ನು. ಆಮೇಲೆ ಸ್ಟೂಲು, ಕಿಟಕಿ.

“ಇವತ್ತು ಹೇಗುಂಟು?”

“ನಿನ್ನೆಯ ಹಾಗೇ.”

“ನಿನ್ನೆ ಹೇಗಿತ್ತು?”

“ಮೊನ್ನೆಯ ಹಾಗೆ.”

“ಇಷ್ಟು ಓದಿ ಇಷ್ಟೇ ಗೊತ್ತಾಗುದಾ ನಿಮಗೆ?” ಎಂದು ನಗುತ್ತಿದ್ದಳು. ಕೆನ್ನೆ ಎಳೆಯುತ್ತದೆಂದು ಒಂದೇ ಬದಿಯಲ್ಲಿ ನಗುತ್ತಿದ್ದಳು.

ನಾನು ಬಗ್ಗಿ ನೋಡುವಾಗ ಆ ಕೆನ್ನೆಯಿಂದ ಒಂದು ವಾಸನೆ ಬರುತ್ತಿತ್ತು. ಬೆಚ್ಚಗಿನ, ಸ್ವಲ್ಪ ಸೀದ, ಸ್ವಲ್ಪ ಸಿಹಿಯಾದ ವಾಸನೆ. ನಾನು ಆರಿಸಿದ ಕ್ರೀಮಿನ ವಾಸನೆ ಎಂದುಕೊಂಡಿದ್ದೆ. ತೆಂಗಿನಿಂದ ತೆಗೆದ ಪದಾರ್ಥ ಅದರಲ್ಲಿ ಇತ್ತಲ್ಲ. ಆರಿಸಿದ್ದಕ್ಕೆ ನನಗೆ ಸಣ್ಣ ಹೆಮ್ಮೆಯೂ ಇತ್ತು.

ಆ ಬೆಳಗುಗಳಲ್ಲಿ ನಾವು ಜಗಳವನ್ನೂ ಆಡಿರಲೇಬೇಕು. ಸೂಟ್‌ಕೇಸಿನ ಬಗ್ಗೆ ಒಮ್ಮೆ ಆಡಿದ್ದು ನೆನಪಿದೆ. ಕರೆಂಟು ಹೋಗುತ್ತಿತ್ತು, ಸೆಕೆ ಇತ್ತು. ಆದರೆ ಈಗ ಹಿಂದಕ್ಕೆ ನೋಡಿದರೆ ಕಿಟಕಿ ಮತ್ತು ಕೆನ್ನೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಇದು ಒಳ್ಳೆಯ ಲಕ್ಷಣವಲ್ಲ ಎಂದು ನನಗೆ ಗೊತ್ತು. ಇಷ್ಟು ಚೆಂದದ ನೆನಪನ್ನು ಯಾವ ವಿದ್ಯಾರ್ಥಿಯಾದರೂ ಫಲಿತಾಂಶವೆಂದು ತಂದಿದ್ದರೆ ಮತ್ತೊಮ್ಮೆ ಮಾಡಿಕೊಂಡು ಬಾ ಎಂದು ಕಳಿಸುತ್ತಿದ್ದೆ. ನನಗೂ ಅಷ್ಟೇ ಬೇಕು. ಮತ್ತೊಮ್ಮೆ.

ಕೆಂಪು ಬೇಗ ಇಳಿಯಲಿಲ್ಲ. ಇಷ್ಟು ಹೊತ್ತಿಗೆ ಇಳಿಯಬೇಕಿತ್ತಲ್ಲ ಎಂದು ಡಾಕ್ಟರು ತಲೆ ಕೆರೆದುಕೊಂಡರು. ಸೇರುವ ದಿನವನ್ನು ಮತ್ತೆ ಮುಂದಕ್ಕೆ ಹಾಕಿಸಿದೆವು. ಇದೇ ಕೊನೆಯ ಸಲ, ಇದರ ಮೇಲೆ ಕಾಯುವುದಿಲ್ಲ ಎಂದು ಅಲ್ಲಿಂದ ಉತ್ತರ ಬಂತು. ಅದಾದ ಸ್ವಲ್ಪ ದಿನಕ್ಕೆ ಕೆನ್ನೆ ತಾನಾಗಿ ತಿಳಿಯಾಗತೊಡಗಿತು. ಒಂದು ಬೆಳಿಗ್ಗೆ ನಾನು ಬಗ್ಗಿ ನೋಡಿದಾಗ ಕೆಂಪು ಇರಲಿಲ್ಲ.

“ಹೇಗುಂಟು?”

“ಹೋಗಿದೆ.”

“ಸರಿ ನೋಡಿ ಹೇಳಿ.”

“ಸರಿ ನೋಡಿದೆ.”

ಅವಳು ಎದ್ದು ಸ್ಟೂಲನ್ನು ಅಡುಗೆಮನೆಗೆ ತೆಗೆದುಕೊಂಡು ಹೋದಳು. ಆ ವಾರ ನೀಲಿ ಶಾಲು ಕೊಂಡಳು. ಹೊರಡುವಾಗ ಬಿಚ್ಚದೆ ಉಳಿದಿದ್ದ ಎರಡನೆಯ ಟ್ಯೂಬನ್ನು ಕಪಾಟಿನಲ್ಲಿ ತೋರಿಸಿ, “ನಿಮ್ಮ ಹಿಮ್ಮಡಿ ಒಡೆದು ಗದ್ದೆಯ ಹಾಗೆ ಆಗಿದೆ. ದಿನಾ ಹಚ್ಕೊಳ್ಳಿ,” ಎಂದಳು. ಹಚ್ಚಿಕೊಳ್ಳಲಿಲ್ಲ. ಹಿಮ್ಮಡಿ ಇನ್ನೂ ಹಾಗೆಯೇ ಇದೆ.

ಈಗ ಅವಳಿಗೆ ಅಲ್ಲಿ ಎರಡನೆಯ ವರ್ಷ. ಕೆಲಸ ಹಿಡಿಸಿದೆ. ಕಲೆಯ ಬಗ್ಗೆ ಅಲ್ಲಿ ಯಾರೂ ಕೇಳಲಿಲ್ಲವಂತೆ. ರಜೆಯ ದಿನ ವಿಡಿಯೋ ಕಾಲ್ ಮಾಡುತ್ತಾಳೆ. ಆ ಪರದೆಯಲ್ಲಿ ಎಲ್ಲರ ಕೆನ್ನೆಯೂ ನುಣ್ಣಗೆ.

ಈಚೆಗೆ ಪಕ್ಕದ ಮನೆಯವರ ಮಗಳು ಬಾಣಂತನಕ್ಕೆ ಬಂದಳು. ಮಗುವನ್ನು ನೋಡಲು ಹೋದವನ ಕೈಗೆ ಅದನ್ನು ಕೊಟ್ಟುಬಿಟ್ಟರು. ಬಗ್ಗಿದೆ. ಬೆಚ್ಚಗಿನ, ಸ್ವಲ್ಪ ಸೀದ, ಸ್ವಲ್ಪ ಸಿಹಿ.

“ಇದು ಎಂತದರ ವಾಸನೆ?” ಎಂದು ಕೇಳಿದೆ.

“ಕೇಪಳದ ಎಣ್ಣೆ ಮಾರಾಯ್ರೆ. ಗೊತ್ತಿಲ್ವಾ ನಿಮಗೆ?” ಎಂದರು ಮಗುವಿನ ಅಜ್ಜಿ. 

ಮಗುವನ್ನು ಕೊಟ್ಟು ಮನೆಗೆ ಬಂದೆ. ಅಂಗಳದಲ್ಲಿ ಅತ್ತಿತ್ತ ನಡೆದೆ. ನಾನು ತಿಳಿದ ಹಾಗೆ ಅವಳು ಆ ಎಣ್ಣೆ ಹಚ್ಚಿದ್ದು ಒಂದೇ ಸಲ, ಅಮ್ಮನ ದಾಕ್ಷಿಣ್ಯಕ್ಕೆ. ನಾನು ಆ ವಾಸನೆಯನ್ನು ಮೂಸಿದ್ದು ದಿನದಿನವೂ, ಕೆಂಪು ಇಳಿಯದೆ ಇದ್ದ ಅಷ್ಟೂ ದಿನ. ಅದು ಕ್ರೀಮಿನ ವಾಸನೆಯಾಗಿದ್ದರೆ ಸರಿ, ಮುಗಿಯಿತು. ಅಲ್ಲದಿದ್ದರೆ, ಏನು ಹಚ್ಚಿದರೆ ಹೊರಡುವ ದಿನ ಮುಂದಕ್ಕೆ ಹೋಗುತ್ತದೆಂದು ಚೆನ್ನಾಗಿ ಗೊತ್ತಿದ್ದ ನರ್ಸೊಬ್ಬಳು ಅದನ್ನೇ ದಿನಾ ಹಚ್ಚಿಕೊಂಡು ನನ್ನೆದುರು ಸ್ಟೂಲಿನ ಮೇಲೆ ಕೂತಿದ್ದಳು ಎಂದಾಗುತ್ತದೆ. ಆ ಬೆಳಗುಗಳು ನನಗೆ ಬೇಕಾಗಿದ್ದ ಹಾಗೆ ಅವಳಿಗೂ ಬೇಕಾಗಿದ್ದವು ಎಂದಾಗುತ್ತದೆ. ನನಗೆ ತಿಳಿಯಬೇಕಾದದ್ದು ಅಷ್ಟೇ.

ತಲೆಗೆ ಹಾಕಿದ ಎಣ್ಣೆಯಿರಬಹುದೇ? ಮೊಬೈಲಿನ ಹಳೆಯ ಫೋಟೋಗಳನ್ನು ತೆಗೆದು ನೋಡಿದೆ. ಎಲ್ಲದರಲ್ಲೂ ಕೂದಲು ಒಣಗಿ ಕೆದರಿ ಹುಲ್ಲಿನ ಹಾಗಿದೆ. ಡಾಕ್ಟರ ಆ ಮಾತನ್ನು ಅವಳು ಪಾಲಿಸಿದ್ದಳು. ಫೋಟೋದಲ್ಲಿ ಕೆಂಪು ಕಾಣುತ್ತದೆ, ಬೆಳಕು ಕಾಣುತ್ತದೆ; ವಾಸನೆ ಮಾತ್ರ ಇರುವುದಿಲ್ಲ.

ಮುಂದಿನ ವಿಡಿಯೋ ಕಾಲಿನಲ್ಲಿ ಅವಳನ್ನೇ ಕೇಳಿದೆ.

“ಆಗ ನಿನ್ನ ಕೆನ್ನೆಗೆ ಒಂದು ವಾಸನೆ ಇತ್ತಲ್ಲ?”

“ಎಂತದು ಮಾರಾಯ್ರೆ, ಇಷ್ಟು ದೂರದಿಂದ ಕೆನ್ನೆ ಮೂಸುದಾ?”

“ತಮಾಷೆ ಅಲ್ಲ. ಅದು ಯಾವುದರ ವಾಸನೆ?”

ಪರದೆಯಲ್ಲಿ ಅವಳ ಮುಖ ಒಂದು ಕ್ಷಣ ನಿಂತಿತು. ನೆಟ್‌ವರ್ಕ್ ಇರಬಹುದು.

“ಆ ಕ್ರೀಮಿನದ್ದೇ. ಇನ್ನೆಂತದು?”

“ಪರಿಮಳ ಸೇರಿಸಿಲ್ಲ ಅಂತ ಬರ್ದಿತ್ತಲ್ಲ.”

“ಬರ್ದದ್ದನ್ನೆಲ್ಲ ನೀವು ಯಾವಾಗಿನಿಂದ ನಂಬ್ಲಿಕ್ಕೆ ಶುರು ಮಾಡಿದ್ದು?” ಎಂದಳು. ನಕ್ಕಳು. ಈಗ ಎರಡೂ ಬದಿಯಲ್ಲಿ ನಗುತ್ತಾಳೆ. “ಹಿಮ್ಮಡಿಗೆ ಹಚ್ತಾ ಇದ್ದೀರಾ ಇಲ್ವಾ? ಅದು ಹೇಳಿ ಮೊದಲು.”

ಕಪಾಟಿನಲ್ಲಿದ್ದ ಆ ಟ್ಯೂಬಿನ ನೆನಪಾದದ್ದು ಆಗಲೇ. ಆ ಮೆಡಿಕಲ್ ಶಾಪಿನದ್ದೇ, ಅದೇ ಪೆಟ್ಟಿಗೆಯದ್ದೇ. ಸೀಲು ಹಾಗೇ ಇತ್ತು, ಅವಧಿಯೂ ಮೀರಿರಲಿಲ್ಲ. ಒಡೆದು ಬೆರಳಿಗೆ ಹಾಕಿಕೊಂಡು ಮೂಸಿದೆ. ಮಣಿಕಟ್ಟಿಗೆ ತಿಕ್ಕಿ, ಮೈಯ ಬಿಸಿ ತಾಗಲಿ ಎಂದು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮೂಸಿದೆ. ಆಮೇಲೆ ನನ್ನ ಮೂಗಿನ ಮೇಲೇ ಸಂಶಯ ಬಂತು. ನನಗೆ ಬೇಕಾದ ಉತ್ತರವನ್ನೇ ಅದು ಕೊಡುತ್ತಿದ್ದರೆ?

ಭಾನುವಾರ ಟ್ಯೂಬನ್ನು ಜೇಬಿನಲ್ಲಿಟ್ಟುಕೊಂಡು ವೇಣೂರಿನ ದಾರಿಯಾಗಿ ಬೆಳ್ತಂಗಡಿಗೆ ಹೋಗಿ ಅತ್ತೆಯ ಮನೆ ತಲುಪಿದೆ. ಆ ಎಣ್ಣೆಯ ವಾಸನೆಯನ್ನು ಅವರಿಗಿಂತ ಚೆನ್ನಾಗಿ ಬಲ್ಲ ಮೂಗು ಬೇರೆ ಇಲ್ಲ. ಯಾಕೆಂದು ಹೇಳದೆ ಅವರ ಅಂಗೈಗೆ ಸ್ವಲ್ಪ ಹಾಕಿದೆ.

“ಇದಕ್ಕೆ ಎಂತ ವಾಸನೆ ಬರ್ತದೆ ಅತ್ತೆ? ಕೇಪಳದ್ದೋ, ತೆಂಗಿನೆಣ್ಣೆಯದ್ದೋ?”

ಅತ್ತೆ ಅಂಗೈಯನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿ ಮೂಸಿದರು. ಸೆರಗಿನಿಂದ ಮೂಗು ಒರಸಿಕೊಂಡು ಇನ್ನೊಮ್ಮೆ ಮೂಸಿದರು.

“ಎಂತದೂ ಇಲ್ಲ. ಬಾವಿಯ ನೀರಿಗಾದ್ರೂ ಸ್ವಲ್ಪ ವಾಸನೆ ಉಂಟು, ಇದಕ್ಕೆ ಅದೂ ಇಲ್ಲ. ಇದಾ ನೀವು ಬಿ.ಸಿ. ರೋಡಿನಿಂದ ಆರಿಸಿ ಆರಿಸಿ ತಂದದ್ದು?”

“ಇದೇ.”

“ಇದನ್ನು ಹಚ್ಚಿದ್ರೂ ಒಂದೇ, ಬಿಟ್ರೂ ಒಂದೇ,” ಎಂದು ಅತ್ತೆ ಅಂಗೈಯನ್ನು ನನ್ನ ಒಡೆದ ಹಿಮ್ಮಡಿಗೆ ತಿಕ್ಕಲು ಬಂದರು. ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ. ಅವರು ನಗುತ್ತ ಒಳಗೆ ಹೋಗಿ ಗೂಡಿನಿಂದ ತಮ್ಮ ಬಾಟಲಿ ತಂದರು. ಪಕ್ಕದೂರಿನ ಯಾರದೋ ಬಾಣಂತನಕ್ಕೆಂದು ಕಾಯಿಸಿದ್ದಂತೆ. ಬಾಯಿಯ ಪ್ಲಾಸ್ಟಿಕ್ ಬಿಚ್ಚಿದರು.

ನಾನು ಬಗ್ಗಿದೆ. ಪೂರ್ವದ ಕಿಟಕಿ, ಸ್ಟೂಲು, ನನ್ನ ಕಡೆ ತಿರುಗಿದ ಎಡಗೆನ್ನೆ.

ಅವಳು ಹಚ್ಚಿದ್ದನ್ನು ನಾನು ಕಂಡಿಲ್ಲ. ಗೂಡಿನ ಬಾಟಲಿಯಲ್ಲಿ ಎಣ್ಣೆ ಇಳಿಯುತ್ತಿತ್ತೆಂದು ಆಣೆ ಮಾಡಿ ಹೇಳಲಾರೆ. ಫೋನಿನಲ್ಲಿ ಅವಳ ಮುಖ ಒಂದು ಕ್ಷಣ ನಿಂತದ್ದು ನೆಟ್‌ವರ್ಕಿನಿಂದಲೇ ಇರಬಹುದು. ನಾನು ಖಚಿತಪಡಿಸಿಕೊಂಡದ್ದು ಒಂದನ್ನು ಮಾತ್ರ, ನನ್ನ ಮೂಗಿನಿಂದಲೂ ಅತ್ತೆಯ ಮೂಗಿನಿಂದಲೂ: ಬಿ.ಸಿ. ರೋಡಿನಲ್ಲಿ ನಾನು ಆರಿಸಿದ ಆ ಕ್ರೀಮಿಗೆ ಯಾವ ವಾಸನೆಯೂ ಇಲ್ಲ.